ಆಫೀಸಿನ 24 ಹಳೇ ಕಂಪ್ಯೂಟರ್ ನಮ್ಮೂರ ಶಾಲೆಗೆ ಕೊಡಬೇಕು ಅಂತಿದ್ದೇನೆ. ಹೇಗೆ?

ಬಯಲುಸೀಮೆ_ಬಿಸಿಲು
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ 24 ಡೆಸ್ಕ್‌ಟಾಪ್ ತೆಗೆದು ಹಾಕುತ್ತಿದ್ದಾರೆ. ಎಲ್ಲವೂ ನಾಲ್ಕನೇ ಜನರೇಶನ್ ಐ5, 8 ಜಿಬಿ ರಾಮ್. ಚೆನ್ನಾಗಿಯೇ ಓಡುತ್ತಿವೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಅಪ್‌ಡೇಟ್ ನಿಂತಿತು, 11 ಹಾಕೋಣ ಅಂದರೆ ಎಂಟನೇ ಜನರೇಶನ್ನಿಗಿಂತ ಹಳೆಯದನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇವುಗಳ ತಪ್ಪು ಅಷ್ಟೇ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ್ದಾನೆ, ಕೇಳಿ ಹೊಟ್ಟೆ ಉರಿಯಿತು.

ನಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ, ನಾನು ಓದಿದ ಸರ್ಕಾರಿ ಹೈಸ್ಕೂಲಿಗೆ ಕೊಡಿ ಎಂದೆ. ಒಪ್ಪಿದರು. ಊರು ಚಳ್ಳಕೆರೆ ಕಡೆ. ನಾನು ಓದುವಾಗ ಅಲ್ಲಿ ಕಂಪ್ಯೂಟರ್ ಅಂದರೆ ಗೋಡೆ ಮೇಲೆ ಪೇಂಟ್ ಮಾಡಿದ್ದ ಚಿತ್ರ. ಮಾನಿಟರ್, ಸಿಪಿಯು, ಮೌಸ್ ಅಂತ ಬಾಣದ ಗುರುತು ಹಾಕಿ ಹೆಸರು ಬರೆದಿದ್ದರು. ಮೌಸಿಗೆ ಬಾಲದ ಜೊತೆ ಕಿವಿಯೂ ಇತ್ತು, ಪೇಂಟರಿಗೆ ಯಾರೂ ಹೇಳಿರಲಿಲ್ಲ ಅನಿಸುತ್ತದೆ.

ಟೆಂಪೊ ಮಾಡಿಕೊಂಡು ಇಳಿಸಿ ಬಂದರೆ ಸಾಕಾ? ಯಾವ ಓಎಸ್ ಹಾಕಲಿ? ಪತ್ರ ಗಿತ್ರ ಏನು ಬೇಕು? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಎಸ್‌ಪಿರೋಡ್_ಸ್ಕ್ರೂಡ್ರೈವರ್
ಒಂದರ ಸೈಡ್ ಡೋರ್ ಬಿಚ್ಚಿ ನೋಡಿ. ಹಾರ್ಡ್ ಡಿಸ್ಕ್ ಇದೆಯಾ?

ಬಯಲುಸೀಮೆ_ಬಿಸಿಲು
ಈಗ ನೋಡಿ ಬಂದೆ. ಇಲ್ಲ. ಸೆಕ್ಯುರಿಟಿ ಟೀಮಿನವರು 24ನ್ನೂ ಕಿತ್ತು ಪುಡಿ ಮಾಡಲು ಕಳಿಸಿದ್ದಾರಂತೆ. ನನಗೆ ಗೊತ್ತೇ ಇರಲಿಲ್ಲ.

ಎಸ್‌ಪಿರೋಡ್_ಸ್ಕ್ರೂಡ್ರೈವರ್
ಹತ್ತರಲ್ಲಿ ಎಂಟು ಕಂಪನಿ ಮಾಲು ಹೀಗೇ ಬರುತ್ತದೆ ಗುರು. ಅವರ ಡೇಟಾ ಭಯ ಅವರಿಗೆ. ಡಿಸ್ಕ್ ಅಳಿಸಲು ಎನ್‌ವೈಪ್ ತರಹದ್ದು ಫ್ರೀ ಇದೆ, ರಾತ್ರಿ ಹಾಕಿ ಬಿಟ್ಟರೆ ಬೆಳಿಗ್ಗೆಗೆ ಕ್ಲೀನ್. ಆದರೆ ಸುತ್ತಿಗೆ ಹಾಕುವುದು ಅವರಿಗೆ ಸಲೀಸು.

ನೀವೀಗ 24 ಎಸ್‌ಎಸ್‌ಡಿ, ಅಂದರೆ ಹೊಸ ಕಾಲದ ಡಿಸ್ಕ್, ತಗೋಬೇಕು. 120, 128 ಜಿಬಿಯದು ಸಾಕು. ಈಗ ಮೆಮೊರಿ ರೇಟೆಲ್ಲ ಏರಿ ಕೂತಿದೆ, ನಾಲ್ಕು ಅಂಗಡಿ ಕೇಳಿ. ರಾಮ್ ಚಿಂತೆ ಇಲ್ಲ, ನಿಮ್ಮದು ಡಿಡಿಆರ್3, ಹಳೇದು ಸಿಗುತ್ತದೆ. ಸಾಟಾ ಕೇಬಲ್ ಇದೆಯಾ ನೋಡಿ, ಡಿಸ್ಕ್ ಕೀಳುವವರು ಕೇಬಲ್ಲನ್ನೂ ಜೊತೆಗೇ ಎಳೆದುಕೊಂಡು ಹೋಗಿರುತ್ತಾರೆ. ಎಲ್ಲದಕ್ಕೂ 2032 ಬಟನ್ ಸೆಲ್ ಹೊಸದು ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ, ಬ್ರೌಸರಿನಲ್ಲಿ ಒಂದು ಪೇಜೂ ತೆರೆಯುವುದಿಲ್ಲ. ಮೇಷ್ಟ್ರು ಕಂಪ್ಯೂಟರ್ ಕೆಟ್ಟಿದೆ ಅಂತ ಬಟ್ಟೆ ಮುಚ್ಚಿ ಇಡುತ್ತಾರೆ. 20 ರೂಪಾಯಿ ಸೆಲ್ಲಿಗೆ ಒಂದು ಮೆಷಿನ್ ಸತ್ತ ಹಾಗೆ.

ಇನ್ನೊಂದು. ಆನ್ ಮಾಡಿದಾಗ ಬೀಪ್ ಬೀಪ್ ಅಂದು ಸ್ಕ್ರೀನ್ ಬರದಿದ್ದರೆ ಗಾಬರಿ ಬೇಡ. ರಾಮ್ ತೆಗೆದು ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿ. ನನ್ನ ಅರ್ಧ ಸಂಪಾದನೆ ಆ ರಬ್ಬರಿನದೇ.

ಚಾಕ್‌ಪೀಸ್
ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಳ್ಳೆಯ ಮನಸ್ಸಿನಿಂದ ಕೇಳಿದ್ದೀರಿ, ಅದಕ್ಕೇ ನೇರವಾಗಿ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಸರ್.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಗೂ ಹೀಗೇ 10 ಕಂಪ್ಯೂಟರ್ ಬಂತು. ಬ್ಯಾನರ್ ಕಟ್ಟಿದರು, ಶಾಲು ಹೊದಿಸಿದೆವು, ಮಕ್ಕಳನ್ನು ಮೆಷಿನ್ ಮುಂದೆ ಕೂರಿಸಿ ಫೋಟೊ ತೆಗೆದರು. ಕೇಸರಿಬಾತ್ ಖರ್ಚು ಶಾಲಾಭಿವೃದ್ಧಿ ಸಮಿತಿ, ಎಸ್‌ಡಿಎಂಸಿಯದು. ಅವರ ಕಾರು ಹೊರಟ ಮೇಲೆ ಹಾಕಿ ನೋಡಿದರೆ ನಾಲ್ಕು ಆನ್ ಆದವು. ಒಂದರಲ್ಲಿ ಯಾರದೋ ಕಂಪನಿಯ ಪಾಸ್‌ವರ್ಡ್ ಕೇಳಿತು. ಫೋನ್ ಮಾಡಿದರೆ "ಆ ಪ್ರಾಜೆಕ್ಟ್ ಕ್ಲೋಸ್ ಆಯ್ತು ಮೇಡಂ" ಎಂದರು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. 10ನ್ನೂ ದಾಸ್ತಾನು ವಹಿಗೆ ಏರಿಸಿ ಆಗಿತ್ತು. ವಹಿಯಲ್ಲಿ ಇರುವುದನ್ನು ಸುಮ್ನೆ ಎಸೆಯಲು ಬರುವುದಿಲ್ಲ. ವಿಲೇವಾರಿಗೆ ಅರ್ಜಿ, ಪರಿಶೀಲನೆ, ಆದೇಶ, ಹರಾಜು. ಯಾರಿಗೆ ಪುರುಸೊತ್ತಿದೆ? ಪ್ರತಿ ಸಲ ಹೆಡ್‌ಮಾಸ್ಟರ್ ಬದಲಾದಾಗ ಚಾರ್ಜ್ ಪಟ್ಟಿಯಲ್ಲಿ ಆ ಆರು ಸತ್ತ ಸಿಪಿಯು ಎಣಿಸಿ ಕೊಡಬೇಕು. ಒಂದು ಕೋಣೆ ಅದಕ್ಕೇ ಹೋಯಿತು. ಎಂಟನೇ ಕ್ಲಾಸಿನ ಬಿ ಸೆಕ್ಷನ್ ವರಾಂಡದಲ್ಲಿ ಕೂರುತ್ತದೆ.

ಅದಕ್ಕೇ ಕೇಳುತ್ತೇನೆ. ಕೊಡುವುದು ಸರಿ, ಕೆಟ್ಟದ್ದನ್ನು ವಾಪಸ್ ಒಯ್ಯುವವರು ಯಾರು?

ರೆಡಿ_ಟು_ಗೋ
ಮೇಡಂ, ಪುಕ್ಕಟೆ ಕೊಟ್ಟರೂ ಹೀಗೆ ಹೇಳಿದರೆ ಮುಂದೆ ಯಾರು ಕೊಡುತ್ತಾರೆ? ದಾನದ ಹಸುವಿನ ಹಲ್ಲು ಎಣಿಸಬಾರದು.

ಚಾಕ್‌ಪೀಸ್
ಹಲ್ಲು ಎಣಿಸುತ್ತಿಲ್ಲ ಸರ್. ಹಸು ಸತ್ತು ವರ್ಷಗಳಾಗಿವೆ, ಇನ್ನೂ ನಮ್ಮ ಕೊಟ್ಟಿಗೆಯಲ್ಲೇ ಇದೆ.

ಎಸ್‌ಪಿರೋಡ್_ಸ್ಕ್ರೂಡ್ರೈವರ್
😂😂 ಮೇಡಂಗೆ ನೂರಕ್ಕೆ ನೂರು

ಪೆಂಗ್ವಿನ್_ಪಕ್ಷ
ಓಎಸ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿಯಲ್ಲೇ ಓಡುತ್ತದೆ, ನಿಮ್ಮದು 8. ವೈರಸ್ ಕಾಟ ಕಡಿಮೆ, ಲೈಸೆನ್ಸ್ ಚಿಂತೆ ಇಲ್ಲ. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷದಿಂದ ಪೂರ್ತಿ ಸ್ವತಂತ್ರ ತಂತ್ರಾಂಶದ ಮೇಲೇ ನಡೆಯುತ್ತಿವೆ. ಅಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ತನ್ನದೇ ಲಿನಕ್ಸ್ ಮಾಡಿ, ಟೀಚರುಗಳಿಗೆ ತರಬೇತಿಯನ್ನೂ ಕೊಡುತ್ತದೆ.

ರೆಡಿ_ಟು_ಗೋ
ಬಂತಪ್ಪಾ ಪೆಂಗ್ವಿನ್. ಹುಡುಗರು ನಾಳೆ ಕೆಲಸಕ್ಕೆ ಹೋದಾಗ ಎಲ್ಲ ಕಡೆ ವಿಂಡೋಸ್ ಇರುತ್ತದೆ. ರೂಫಸ್ ಎಂಬ ಟೂಲಿನಲ್ಲಿ ಆ ತಪಾಸಣೆ ಬೈಪಾಸ್ ಮಾಡಿದರೆ 11 ಇದೇ ಮೆಷಿನ್ನಿನಲ್ಲಿ ಹತ್ತು ನಿಮಿಷಕ್ಕೆ ಕೂರುತ್ತದೆ.

ಪೆಂಗ್ವಿನ್_ಪಕ್ಷ
ಕೂರುತ್ತದೆ. ಮುಂದಿನ ವರ್ಷ ದೊಡ್ಡ ಅಪ್‌ಡೇಟ್ ಬಂದಾಗ ಅದು ತಾನಾಗಿ ಬರುವುದಿಲ್ಲ, ಮತ್ತೆ ಕೈಯಿಂದ ಹಾಕಬೇಕು. ಚಳ್ಳಕೆರೆಗೆ ಬಸ್ ಹತ್ತಿ ನೀವು ಹೋಗುತ್ತೀರಾ? ಲೈಸೆನ್ಸ್ ಯಾರದು? ಕಂಪನಿ ಒಟ್ಟಿಗೆ ಕೊಂಡ ವಾಲ್ಯೂಮ್ ಲೈಸೆನ್ಸ್ ಮೆಷಿನ್ ಜೊತೆ ದಾನವಾಗುವುದಿಲ್ಲ. ಕ್ರ್ಯಾಕ್ ಹಾಕಿ ಸರ್ಕಾರಿ ಶಾಲೆಗೆ ಕೊಡುವುದಾ?

ಒತ್ತಕ್ಷರ
ನಿಮ್ಮಿಬ್ಬರ ಜಗಳದಲ್ಲಿ ಕನ್ನಡ ಮರೆತಿರಿ. ಹಳ್ಳಿ ಶಾಲೆಯಲ್ಲಿ ಮೊದಲು ಕೇಳುವ ಪ್ರಶ್ನೆ "ನುಡಿ ಇದೆಯಾ?" ಪ್ರಶ್ನೆಪತ್ರಿಕೆ, ನೋಟಿಸು, ಬಿಇಒ ಆಫೀಸಿಗೆ ಕಳಿಸುವ ವರದಿ, ಎಲ್ಲ ನುಡಿ ಎಂಬ ಆ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತದೆ. ಲಿನಕ್ಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಮೇಷ್ಟ್ರು ಮಾರನೇ ದಿನವೇ "ಇದು ನಮಗಾಗಲ್ಲ" ಅಂತಾರೆ.

ಪೆಂಗ್ವಿನ್_ಪಕ್ಷ
ನ್ಯಾಯವಾದ ಮಾತು. ಆದರೆ ಟೈಪಿಂಗ್ ಅಭ್ಯಾಸ ಬದಲಾಯಿಸಬೇಕಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವೇ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಮೊದಲೇ ಇದೆ. ನುಡಿಯಲ್ಲಿ ಒತ್ತಿಗೆ ಎಫ್ ಒತ್ತುವವರು ಇಲ್ಲೂ ಎಫ್ ಒತ್ತಿದರಾಯಿತು. ಹಳೇ ಫೈಲನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರುಗಳಿವೆ. ಅರ್ಕಾವತ್ತು ಆಗಾಗ ಕೈಕೊಡುತ್ತದೆ, ಒಮ್ಮೆ ಓದಿ ತಿದ್ದಬೇಕು.

ಒತ್ತಕ್ಷರ
"ಅರ್ಕಾವತ್ತು" ಅಲ್ಲ, ಅರ್ಕಾವೊತ್ತು.

ಪೆಂಗ್ವಿನ್_ಪಕ್ಷ
ನೋಡಿ, ಕನ್ವರ್ಟರ್ ಅಲ್ಲ, ಕೈಕೊಟ್ಟದ್ದು ನಾನೇ.

ಮೊಬೈಲ್_ಸಾಕು
ನನಗೊಂದು ಅರ್ಥ ಆಗುತ್ತಿಲ್ಲ. ಈಗ ಪ್ರತಿ ಮನೆಯಲ್ಲೂ ಸ್ಮಾರ್ಟ್‌ಫೋನ್ ಇದೆ. 2014ರ ಡಬ್ಬ ತಗೊಂಡು ಹೋಗಿ ಮಕ್ಕಳಿಗೆ ಮಾಹಿತಿ ತಲುಪಿಸುತ್ತೀರಾ? ಯೂಟ್ಯೂಬಿನಲ್ಲಿ ಎಲ್ಲ ಇದೆ.

ಚಾಕ್‌ಪೀಸ್
ಮನೆಯಲ್ಲಿ ಫೋನ್ ಇದೆ ಸರ್, ಅದು ಅಪ್ಪನ ಜೇಬಿನಲ್ಲಿ ಇರುತ್ತದೆ. ಸಂಜೆ ಬಂದ ಮೇಲೆ ಅಣ್ಣನ ಕೈಗೆ. ಹುಡುಗಿಗೆ ಸಿಗುವುದು ಅಮ್ಮ ಅಡುಗೆ ಮಾಡುವಾಗ ಹತ್ತು ನಿಮಿಷ, ಅದೂ ಎರಡು ಪರ್ಸೆಂಟ್ ಚಾರ್ಜಿನಲ್ಲಿ. ಸ್ಕಾಲರ್‌ಶಿಪ್ಪಿಗೆ ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಾದರೆ ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕೊಡುತ್ತಾರೆ, ಅವನು ತಪ್ಪು ಟೈಪ್ ಮಾಡಿದರೆ ತಿದ್ದಲು ಮತ್ತೆ ದುಡ್ಡು. ಒಂದು ಅರ್ಜಿ ತಾನೇ ತುಂಬಲು ಬಂದರೆ ಸಾಕು ಅನಿಸುತ್ತದೆ ನನಗೆ.

ಕೀನ್ಯಾದಿಂದ_ಕನ್ನಡಿಗ
ನೈರೋಬಿಯಲ್ಲಿ ಇದ್ದೇನೆ, ಇಲ್ಲಿಯ ಕಥೆ ಹೇಳುತ್ತೇನೆ. ಬ್ರಿಟನ್, ಯುರೋಪಿನ ಆಫೀಸುಗಳ ಹಳೇ ಕಂಪ್ಯೂಟರ್ ಆಫ್ರಿಕಾದ ಶಾಲೆಗಳಿಗೆ ಬರಲು ಶುರುವಾಗಿ ಎಷ್ಟೋ ವರ್ಷ ಆಯಿತು. ಲಂಡನ್ನಿನ ಕಂಪ್ಯೂಟರ್ ಏಡ್ ಎಂಬ ಸಂಸ್ಥೆ ಇದನ್ನೇ ಕೆಲಸ ಮಾಡಿಕೊಂಡಿದೆ. ಈ ಕಡೆ ಕಂಪ್ಯೂಟರ್ಸ್ ಫಾರ್ ಸ್ಕೂಲ್ಸ್ ಕೀನ್ಯಾ ಅಂತ 2002ರಿಂದ ಇದೆ. ರಿಪೇರಿ ಮಾಡಿ ಶಾಲೆಗೆ ಕೊಡುತ್ತಾರೆ, ಟೀಚರಿಗೆ ತರಬೇತಿ ಕೊಡುತ್ತಾರೆ. ನನಗೆ ಇಷ್ಟವಾದದ್ದು ಕೊನೆಯದು. ಸತ್ತ ಮೆಷಿನ್ನುಗಳನ್ನು ಬಿಚ್ಚಿ ವಿಂಗಡಿಸುವ ಇ-ತ್ಯಾಜ್ಯ ಘಟಕವನ್ನೂ ಅವರೇ ಶುರು ಮಾಡಿದರು. ಚಾಕ್‌ಪೀಸ್ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಅದೇ ಅಲ್ವಾ?

ಇದರ ಇನ್ನೊಂದು ಮುಖ ಘಾನಾದಲ್ಲಿ ಇತ್ತು. ಅಕ್ರಾ ನಗರದ ಅಗ್ಬೊಗ್ಬ್ಲೊಶಿ. "ಸೆಕೆಂಡ್ ಹ್ಯಾಂಡ್" ಅಂತ ಕಾಗದದಲ್ಲಿ ಬರೆದು ಬಂದ ಕಂಟೇನರುಗಳಲ್ಲಿ ಎಷ್ಟೋ ಮಾಲು ಮೊದಲೇ ಸತ್ತದ್ದು. ಹುಡುಗರು ತಾಮ್ರಕ್ಕಾಗಿ ಬಯಲಲ್ಲೇ ವೈರ್ ಸುಡುತ್ತಿದ್ದರು. 2021ರಲ್ಲಿ ಆ ಜಾಗ ಕೆಡವಿದರು, ಸುಡುವ ಕೆಲಸ ಬೇರೆ ಕಡೆ ಹಂಚಿಹೋಯಿತು ಅಷ್ಟೇ. ದಾನ ಮತ್ತು ಕಸ ಒಂದೇ ಲಾರಿಯಲ್ಲಿ ಬರುತ್ತವೆ. ಇಳಿಸಿ ಸ್ವಿಚ್ ಹಾಕುವವರೆಗೂ ಯಾವುದು ಯಾವುದು ಅಂತ ಗೊತ್ತಾಗಲ್ಲ.

ಕಾನೂನು_ಕಟ್ಟೆ
ಅದಕ್ಕೇ 1989ರಲ್ಲೇ ಅಪಾಯಕಾರಿ ತ್ಯಾಜ್ಯ ದೇಶ ದಾಟುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದ ಆದದ್ದು. ನಮ್ಮಲ್ಲಿ ಇ-ತ್ಯಾಜ್ಯ ನಿಯಮ 2022, ಜಾರಿಗೆ ಬಂದದ್ದು 2023ರ ಏಪ್ರಿಲ್ 1ಕ್ಕೆ. ದೊಡ್ಡ ಕಂಪನಿಗಳು ಇ-ತ್ಯಾಜ್ಯವನ್ನು ನೋಂದಾಯಿತ ರಿಫರ್ಬಿಷರ್, ರೀಸೈಕ್ಲರ್ ಅಥವಾ ಉತ್ಪಾದಕರಿಗೆ ಮಾತ್ರ ಕೊಡಬೇಕು. ಓಡುವ ಮೆಷಿನ್ ದಾನ ಕೊಟ್ಟರೆ ಅದು ತ್ಯಾಜ್ಯ ಅಲ್ಲ ಎಂದು ವಾದಿಸಬಹುದು. ಆದರೆ ಡಿಸ್ಕ್ ಇಲ್ಲದ 24 ಡಬ್ಬಕ್ಕೆ ಆ ವಾದ ಸ್ವಲ್ಪ ತೆಳು. ಡಿಸ್ಕ್ ಹಾಕಿ, ಆನ್ ಮಾಡಿ, ಸೀರಿಯಲ್ ನಂಬರ್ ಸಮೇತ "ಚಾಲ್ತಿಯಲ್ಲಿದೆ" ಎಂದು ಬರೆದ ಪಟ್ಟಿಗೆ ಕಂಪನಿಯ ಸಹಿ ಹಾಕಿಸಿಕೊಳ್ಳಿ. ಕಂಪನಿಯ ಆಸ್ತಿ ಪಟ್ಟಿಯಿಂದಲೂ ಅವು ಹೊರಗೆ ಬರಬೇಕು. ಗೇಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಟೆಂಪೊ ನಿಲ್ಲಿಸುತ್ತಾನೆ, ಆಗ ನೆನಪಾಗುತ್ತೀನಿ ನಾನು.

ಮೊಬೈಲ್_ಸಾಕು
ಇಷ್ಟೆಲ್ಲ ಮಾಡಿ ಮಕ್ಕಳ ಓದು ಸುಧಾರಿಸುತ್ತದೆ ಅಂತ ಪುರಾವೆ ಇದೆಯಾ? ಒಬ್ಬೊಬ್ಬ ಮಗುವಿಗೂ ಲ್ಯಾಪ್‌ಟಾಪ್ ಅಂತ ಅಮೆರಿಕದ ಎಂಐಟಿಯ ನೆಗ್ರೊಪಾಂಟೆ 2005ರಲ್ಲಿ ಊರೆಲ್ಲ ಡಂಗುರ ಸಾರಿದರು. ನೂರು ಡಾಲರ್ ಅಂದರು, ಕೊನೆಗೆ 190ರ ಹತ್ತಿರ ಬಂತು. ಪೆರು ದೇಶ 8 ಲಕ್ಷಕ್ಕೂ ಜಾಸ್ತಿ ಹಂಚಿತು. 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿದರೆ ಗಣಿತದಲ್ಲೂ ಇಲ್ಲ, ಭಾಷೆಯಲ್ಲೂ ಇಲ್ಲ, ಏನೂ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ನಮ್ಮ ಕೇಂದ್ರ ಸರ್ಕಾರವೇ ಆ ಯೋಜನೆ ಬೇಡ ಅಂದಿತ್ತು.

ಕೀನ್ಯಾದಿಂದ_ಕನ್ನಡಿಗ
ಅಂಕೆ ಸರಿ. ಆದರೆ ಅದು ಹಳೇ ಕಂಪ್ಯೂಟರ್ ಕಥೆ ಅಲ್ಲ, ಹೊಸದು. ಮೆಷಿನ್ ಕೊಟ್ಟು ಟೀಚರನ್ನು ಬಿಟ್ಟ ಕಥೆ. ಲೈಬ್ರರಿ ಕಟ್ಟಿದರೆ ಗಣಿತದ ಅಂಕ ಏರುತ್ತದಾ ಅಂತ ಯಾರೂ ಕೇಳಲ್ಲ.

ಬೆಂಗ್ಳೂರ್_ಗಲ್ಲಿ
ಎಲ್ಲ ಕಡೆ ಹಾಗಲ್ಲ ಮೊಬೈಲ್ ಸರ್. ಬನ್ನೇರುಘಟ್ಟ ರಸ್ತೆ ಕಡೆಯ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಇತ್ತು, ಸ್ವತಂತ್ರ ತಂತ್ರಾಂಶ ಚಳವಳಿಯ ಹುಡುಗರು ನಡೆಸುತ್ತಿದ್ದರು. ಯಾರೋ ಕೊಟ್ಟ ಹಳೇ ಮೆಷಿನ್ನು, ಅದರಲ್ಲಿ ಲಿನಕ್ಸು. ಅಲ್ಲಿಯ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಮಾಡುತ್ತಿದ್ದರು. ಗುಟ್ಟೇನೂ ಇಲ್ಲ. ಯಾರಾದರೂ ಒಬ್ಬರು ಜೊತೆಗೆ ಕೂರುತ್ತಿದ್ದರು.

ಮಲೆನಾಡ_ಜಡಿಮಳೆ
ನಮ್ಮ ಕಡೆ ಬೇರೆ ಸಮಸ್ಯೆ. ಏಪ್ರಿಲ್ ಕೊನೆಯ ಒಂದು ಗುಡುಗಿಗೆ ಮೂರು ಮಾಡೆಮ್, ಎರಡು ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬ) ಹೋದವು. ಸಿಡಿಲು ಬರುವ ಮುಂಚೆ ಪ್ಲಗ್ ಕೀಳಲು ಒಬ್ಬ ಹುಡುಗನನ್ನು ಮಾನಿಟರ್ ಮಾಡಿದ್ದೇವೆ. ಕ್ಲಾಸ್ ಮಾನಿಟರ್ ಸ್ವಾಮಿ, ಎಲ್‌ಸಿಡಿ ಅಲ್ಲ.

ಎಸ್‌ಪಿರೋಡ್_ಸ್ಕ್ರೂಡ್ರೈವರ್
ಚಳ್ಳಕೆರೆಯಲ್ಲಿ ಸಿಡಿಲಲ್ಲ, ಧೂಳು. ಆರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಬೇಕು. ಅದಕ್ಕಿಂತ ಡೇಂಜರ್ ಆಯುಧಪೂಜೆ. ಶಾಲೆ ಮೆಷಿನ್ ಬಿಚ್ಚಿದರೆ ಫ್ಯಾನಿನ ಸುತ್ತ ಕೆಂಪಗೆ ಕುಂಕುಮ, ಸ್ಪೇಸ್ ಬಾರ್ ಕೆಳಗೆ ಅಕ್ಷತೆ. ಒಂದು ಕಡೆ ಗಾಡಿ ಚಕ್ರಕ್ಕೆ ಇಡುವ ಹಾಗೆ ಮೌಸ್ ಕೆಳಗೂ ನಿಂಬೆಹಣ್ಣು ಇಟ್ಟಿದ್ದರು.

ಒತ್ತಕ್ಷರ
ಮೌಸ್ ಹತ್ತಿಸಿ ಹಿಂಡಿದರಾ?

ಎಸ್‌ಪಿರೋಡ್_ಸ್ಕ್ರೂಡ್ರೈವರ್
ಹಿಂಡಿದ್ದರು ಅನಿಸುತ್ತೆ, ಕೆಳಗಿನ ಲೈಟ್ ಸತ್ತಿತ್ತು.

ಇನ್ವರ್ಟರ್_ಅಜ್ಜ
ತಮಾಷೆ ಸಾಕು, ಕರೆಂಟ್ ಲೆಕ್ಕ ಹಾಕಿ ಮಕ್ಕಳೇ. ಈ ತರಹದ ಒಂದು ಮೆಷಿನ್ ಮತ್ತು ಎಲ್‌ಸಿಡಿ ಸೇರಿ 80 ವ್ಯಾಟ್ ಹಿಡಿಯಿರಿ. 24ಕ್ಕೆ ಸುಮಾರು 1,900 ವ್ಯಾಟ್. ಹಳೇ ಶಾಲೆಯ ವೈರಿಂಗಿನಲ್ಲಿ ಒಂದೇ ಬೋರ್ಡಿಗೆ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಹಾಕುತ್ತಾರೆ, ಹೊಗೆ ಬರುತ್ತದೆ. ಅರ್ಥಿಂಗ್ ಮೊದಲು ನೋಡಿ, ಮೈ ಮುಟ್ಟಿದರೆ ಜುಮ್ ಅಂದರೆ ಇಲ್ಲ ಅಂತ ಅರ್ಥ. 12 ಇಟ್ಟರೆ 960 ವ್ಯಾಟ್. 1.5 ಕೆವಿಎ ಇನ್ವರ್ಟರ್, ಎರಡು ಬ್ಯಾಟರಿ, ಎರಡು ಗಂಟೆ ಎಳೆಯಬಹುದು. ಬಿಲ್ಲಿನ ಚಿಂತೆ ಬಿಡಿ, 2023ರ ರಾಜ್ಯೋತ್ಸವದಲ್ಲಿ ಸರ್ಕಾರಿ ಶಾಲೆಗೆ ವಿದ್ಯುತ್ ಉಚಿತ ಅಂತ ಘೋಷಿಸಿದ್ದಾರೆ. ಬ್ಯಾಟರಿ ಉಚಿತ ಅಲ್ಲ. ಅದಕ್ಕೆ ನೀರು ಹಾಕುವವರು ಯಾರು ಅಂತ ಈಗಲೇ ಹೆಸರು ಬರೆದಿಡಿ.

ಪೆಂಗ್ವಿನ್_ಪಕ್ಷ
ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ ಅಂತ ಹೇಳಲು ಮರೆತೆ. ಕಿವಿಕ್ಸ್ ಅಂತ ಒಂದಿದೆ, ವಿಕಿಪೀಡಿಯವನ್ನು ಫೈಲ್ ಮಾಡಿ ಮೆಷಿನ್ನಿನಲ್ಲೇ ಇಟ್ಟು ಓದುವುದು. ಚಿತ್ರ ಸಮೇತ ಇಂಗ್ಲಿಷಿನದು 100 ಜಿಬಿ ದಾಟುತ್ತದೆ, ಅದು ನಿಮ್ಮ ಎಸ್‌ಎಸ್‌ಡಿಗೆ ಹಿಡಿಸಲ್ಲ. ಕನ್ನಡದ್ದು ಪೆನ್‌ಡ್ರೈವಿನಲ್ಲಿ ಆರಾಮಾಗಿ ಕೂರುತ್ತದೆ. ಒಂದು ಮೆಷಿನ್ನಿನಲ್ಲಿ ಹಾಕಿ ನೆಟ್‌ವರ್ಕ್ ಕೇಬಲ್ ಎಳೆದರೆ ಉಳಿದ ಹನ್ನೊಂದಕ್ಕೂ ಸಿಗುತ್ತದೆ.

ಒತ್ತಕ್ಷರ
ಕನ್ನಡ ವಿಕಿಪೀಡಿಯ 2003ರಿಂದ ಇದೆ, 30 ಸಾವಿರಕ್ಕೂ ಹೆಚ್ಚು ಲೇಖನ ಇವೆ. ಆದರೆ ಹತ್ತನೇ ಕ್ಲಾಸಿನ ಹುಡುಗ ಹುಡುಕುವುದು ಸಿಗುವುದೇ ಅರ್ಧ. ಎಷ್ಟೋ ಕಡೆ ಎರಡು ಸಾಲು ಬರೆದು ಬಿಟ್ಟಿದ್ದಾರೆ. ಡಬ್ಬ ಕೊಡಲು 24 ಜನ ಸಿಗುತ್ತಾರೆ, ಲೇಖನ ಬರೆಯಿರಿ ಅಂದರೆ ನಾಲ್ಕು ಜನ ಬರಲ್ಲ.

ಲೈಬ್ರರಿ_ಮೆಟ್ಟಿಲು
ಶಾಲೆಯೇ ಯಾಕೆ? ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಎರಡು ಇಡಿ. ಶಾಲೆ ಬಿಟ್ಟ ಮೇಲೂ ಮಕ್ಕಳು ಬರುತ್ತಾರೆ, ಓದು ಬಿಟ್ಟವರೂ ಬರುತ್ತಾರೆ. ಶಾಲೆಯ ಲ್ಯಾಬಿನ ಬೀಗದ ಕೈ ಯಾವಾಗಲೂ ರಜೆಯಲ್ಲಿರುವ ಮೇಷ್ಟ್ರ ಹತ್ತಿರ ಇರುತ್ತದೆ.

ಚಾಕ್‌ಪೀಸ್
ಆಕ್ಷೇಪಣೆ ಇದೆ. ಆದರೆ ಸುಳ್ಳು ಅನ್ನಲಾರೆ. ಒಂದು ಮೌಸ್ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೇನೋ ಎಂಬ ಭಯಕ್ಕೇ ಬೀಗ ಹಾಕುವುದು.

ಅದಕ್ಕೆ ಒಂದು ದಾರಿ ಹೇಳುತ್ತೇನೆ, ನಮ್ಮ ಪಕ್ಕದ ಶಾಲೆಯವರು ಮಾಡಿದ್ದು. ದಾನ ಅಂತ ಕೊಡಲೇಬೇಡಿ. ಹಳೇ ವಿದ್ಯಾರ್ಥಿಗಳ ಸಂಘದ ಹೆಸರಿಗೆ ತೆಗೆದುಕೊಂಡು, ಶಾಲೆಗೆ "ಬಳಕೆಗೆ ಮಾತ್ರ" ಅಂತ ಪತ್ರ ಮಾಡಿ ಇಡಿ. ಆಸ್ತಿ ನಿಮ್ಮದು, ದಾಸ್ತಾನು ವಹಿಗೆ ಏರುವುದಿಲ್ಲ. ಕೆಟ್ಟದ್ದನ್ನು ನೀವೇ ಎತ್ತಿಕೊಂಡು ಹೋಗಬಹುದು. ಮೇಷ್ಟ್ರಿಗೂ ಭಯ ಇಲ್ಲ, ಬಾಗಿಲು ತೆರೆದಿರುತ್ತದೆ. ಆ ಪತ್ರವನ್ನು ಹೆಡ್‌ಮಾಸ್ಟರ್, ಎಸ್‌ಡಿಎಂಸಿ ಅಧ್ಯಕ್ಷರ ಮುಂದೆ ಓದಿ ಸಹಿ ಹಾಕಿಸಿ.

ಕಾನೂನು_ಕಟ್ಟೆ
ಮೇಡಂ, ನನ್ನ ಕೆಲಸಕ್ಕೇ ಕೈ ಹಾಕಿದಿರಿ. ಸಂಘ ನೋಂದಣಿ ಆಗಿದೆಯಾ ಕೇಳಿ ಬಯಲುಸೀಮೆ.

ಬಯಲುಸೀಮೆ_ಬಿಸಿಲು
ಎರಡು ವಾರ ಬಿಟ್ಟು ಬಂದಿದ್ದೇನೆ. ಶನಿವಾರ ಊರಿಗೆ ಹೋಗಿದ್ದೆ. ಸಂಘ ನೋಂದಣಿ ಆಗಿದೆ, ಖಾತೆಯಲ್ಲಿ ಇರುವುದು 340 ರೂಪಾಯಿ.

ಕೋಣೆ ತೋರಿಸಿದರು. ಒಂದೇ ಪ್ಲಗ್ ಪಾಯಿಂಟ್, ಅದೂ ಹೆಡ್‌ಮಾಸ್ಟರ್ ಟೀ ಕಾಯಿಸುವುದಕ್ಕೆ. ಅಜ್ಜ ಹೇಳಿದ ಹಾಗೆ ಅರ್ಥಿಂಗ್ ಕೇಳಿದೆ. ಎಲೆಕ್ಟ್ರಿಷಿಯನ್ ನಕ್ಕ. ಗೋಡೆಯ ಚಿತ್ರ ಇನ್ನೂ ಇದೆ, ಮೌಸಿನ ಒಂದು ಕಿವಿ ಉದುರಿದೆ.

24 ಬೇಡ ಅಂತ ತೀರ್ಮಾನ ಆಯಿತು. 12 ಶಾಲೆಗೆ, 2 ಪಂಚಾಯಿತಿ ಲೈಬ್ರರಿಗೆ. ಉಳಿದ 10 ಬಿಡಿಭಾಗಕ್ಕೆ ಅಂತ ನಮ್ಮ ಮನೆ ಅಟ್ಟದಲ್ಲಿ. ಅಮ್ಮ ಈಗಲೇ ಗೊಣಗುತ್ತಿದ್ದಾರೆ. ಊರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ ನನ್ನ ಜೂನಿಯರ್. ತಿಂಗಳಿಗೆ ಎರಡು ಸಲ ಬಂದು ನೋಡುತ್ತೇನೆ, ಬ್ಯಾಟರಿಗೆ ನೀರೂ ಹಾಕುತ್ತೇನೆ ಎಂದ. ಅವನಿಗೆ ಸಂಘದಿಂದ ಇಷ್ಟು ಅಂತ ಕೊಡಬೇಕು. ಬ್ಯಾಚ್ ಗ್ರೂಪಿನಲ್ಲಿ ದುಡ್ಡು ಕೇಳಿದ್ದೇನೆ. ಎಲ್ಲರೂ ಹೆಬ್ಬೆರಳು ಹಾಕಿದ್ದಾರೆ, ದುಡ್ಡು ಹಾಕಿದವರು ಐದು ಜನ.

ಓಎಸ್ ಲಿನಕ್ಸೇ. ಕನ್ನಡ ಟೀಚರ್ ಎಫ್ ಒತ್ತಿ ನೋಡಿ "ಹಾಂ, ಬರುತ್ತೆ" ಎಂದರು. ಇಂಗ್ಲಿಷ್ ಮೇಷ್ಟ್ರು ಒಪ್ಪಿಲ್ಲ, ಒಂದರಲ್ಲಾದರೂ ವಿಂಡೋಸ್ ಇರಲಿ ಅಂತಾರೆ.

ರೆಡಿ_ಟು_ಗೋ
ಇಂಗ್ಲಿಷ್ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ಒರಿಜಿನಲ್ ಲೈಸೆನ್ಸ್ ದುಡ್ಡು ನನ್ನದು, ಕಂತಿನಲ್ಲಿ.

ಮೊಬೈಲ್_ಸಾಕು
ವರ್ಷ ಬಿಟ್ಟು ಎಷ್ಟು ಓಡುತ್ತಿವೆ ಅಂತ ಇಲ್ಲೇ ಬರೆಯಿರಿ. ಆಗ ಮಾತಾಡೋಣ. ಎರಡು ಎಸ್‌ಎಸ್‌ಡಿ ನಾನು ಕೊಡಿಸುತ್ತೇನೆ, ಅಭಿಪ್ರಾಯ ಬದಲಾಗಿಲ್ಲ.

ಬಯಲುಸೀಮೆ_ಬಿಸಿಲು
ಬರೆಯುತ್ತೇನೆ ಸರ್, ಥ್ಯಾಂಕ್ಸ್. ಒಂದು ಅರ್ಜೆಂಟ್: ಮಾನಿಟರ್ 14 ಇವೆ, ವಿಜಿಎ ಕೇಬಲ್ 9 ಮಾತ್ರ ಸಿಕ್ಕಿವೆ. ಯಾರ ಹತ್ತಿರ ಆದರೂ ಇದೆಯಾ?

ಎಸ್‌ಪಿರೋಡ್_ಸ್ಕ್ರೂಡ್ರೈವರ್
ಒಂದು ಗೋಣಿಚೀಲ ಇದೆ. ಅಂಗಡಿಗೆ ಬನ್ನಿ, ಭಾನುವಾರ ಬಿಟ್ಟು. ಪಿನ್ ಬಗ್ಗಿಲ್ಲದ್ದನ್ನು ನೀವೇ ಆರಿಸಿಕೊಳ್ಳಬೇಕು.

ಮಲೆನಾಡ_ಜಡಿಮಳೆ
ಗೋಣಿಯಲ್ಲಿ ಒಂದು ಮಾಡೆಮ್ ಇದ್ದರೆ ನನಗೆ ಎತ್ತಿಡಿ ಮಾರಾಯ್ರೆ. ನಿನ್ನೆ ಮತ್ತೆ ಗುಡುಗಿತು.